ಕಟಗಿ ತುಂಡಿನ ಮ್ಯಾಲೆ ಅಣಬಿ: ಕಲಬುರಗಿ ಬಿಸಲಿಗಿ ಹೊಂದೋ ಹಂಗ ನನ್ನ ನೋಟ್ಸ್

ಮೊದಲ ಇಷ್ಟು ತಲಿಯಾಗ ಇಟ್ಕೋರಿ, ಅಣಬಿ ಗಿಡ ಅಲ್ಲ, ಶಿಲೀಂಧ್ರ. ಕಣ್ಣಿಗಿ ಕಾಣೋ ಛತ್ರಿ ಬರೇ ಅದರ ಹಣ್ಣಿದ್ದಂಗ, ಖರೆ ಜೀವ ಇರೋದು ಕಟಗಿ ಒಳಗ ಹಬ್ಬಿದ ಬಿಳಿ ನೂಲಿನ್ಯಾಗ. ಪುಸ್ತಕದಾಗ ಇದಕ್ಕ ಕವಕಜಾಲ ಅಂತಾರ. ಕಟಗಿ ಗಟ್ಟಿ ಇರೋದು ಲಿಗ್ನಿನ್‌ನಿಂದ, ಈ ನೂಲು ಅದನ್ನೂ ಕರಗಿಸಿ ತಿಂತದ, ಅದಕ್ಕ ಸಿಂಪಿ ಅಣಬಿ, ಶಿಟಾಕೆ ಅನ್ನೋ ತಿನ್ನೋ ಜಾತಿಗಳಿಗಿ ಹುಲ್ಲೇ ಬೇಕಂತಿಲ್ಲ, ಇಡೀ ಬೊಡ್ಡಿ ಕೊಟ್ರೂ ನಡೀತದ.

ಆನ್‌ಲೈನ್‌ದಾಗ ಹುಡುಕಿದ್ರ ಎಲ್ಲಾ ಶಿಟಾಕೆ ಬಗ್ಗೆನೇ ಸಿಗ್ತದ. ಜಪಾನದಾಗ ಶೀ ಅನ್ನೋ ಗಿಡದ ಕಟಗಿ ಮ್ಯಾಲೆ ಬೆಳೀತಿತ್ತಂತ ಆ ಹೆಸರು, ‘ತಾಕೆ’ ಅಂದ್ರ ಅಣಬಿ. ಅದಕ್ಕ ತಂಪು ಬೇಕು, ಓಕ್ ಜಾತಿ ಕಟಗಿ ಬೇಕು, ವರ್ಷಗಟ್ಲೆ ತಾಳ್ಮಿ ಬೇಕು. ನಮ್ಮಲ್ಲಿ ಮೇ ತಿಂಗಳದಾಗ 40 ಡಿಗ್ರಿ ದಾಟ್ತದ, ಪರಸಿ ಮ್ಯಾಲೆ ಬರಿಗಾಲಿಡ್ಲಾಕ ಆಗಲ್ಲ. ಶಿಟಾಕೆ ಆಸೆ ಬಿಡ್ರಿ ಅಂತ ನನ್ನ ಅಭಿಪ್ರಾಯ. ಸಿಂಪಿ ಅಣಬಿ ತಗೋರಿ, ಅದರಾಗೂ ಗುಲಾಬಿ ಬಣ್ಣದ ಜಾತಿ ಸೆಕಿ ಜಾಸ್ತಿ ತಡೀತದ.

ಕಟಗಿ ಯಾವುದು? ಬೇವು ಬ್ಯಾಡ, ಅದರ ಕಹಿ ರಸ ಶಿಲೀಂಧ್ರಕ್ಕ ಆಗಿಬರಲ್ಲ. ಕಣಗಿಲ, ಎಕ್ಕಿ ಅಂಥ ವಿಷದ ಗಿಡದ ಸನೇಕೂ ಹೋಗಬ್ಯಾಡ್ರಿ. ಮಾವು ಚಲೋ. ನಾ ಈ ಸಲ ಮಾವೇ ತಗೊಂಡೀನಿ, ಯಾಕಂದ್ರ ಮೇ ಕೊನೀಗಿ ಗಾಳಿಮಳಿ ಬಂದು ಟೊಂಗಿ ಮುರೀತಾವ, ಹೊಲದವರಿಗಿ ಕೇಳಿದ್ರ ಸುಮ್ಮನೇ ಕೊಡ್ತಾರ. ಒಣ ಕಟಗಿ, ಮೊದಲೇ ಬೂಸ್ಟ್ ಹಿಡದದ್ದು ತರಬ್ಯಾಡ್ರಿ. ಹಸಿದು, 4-5 ಇಂಚು ದಪ್ಪ, 3 ಫೂಟ್ ಉದ್ದ, ತೊಗಟಿ ಕಿತ್ತಿರಬಾರದು. ತೊಗಟಿ ಅಂದ್ರ ತುಂಡಿನ ಚರ್ಮ, ನೀರು ಹಿಡದಿಡೋದು ಅದೇ. ತಂದ ದಿನಾನೇ ಬೀಜ (ಅಣಬಿ ನೂಲು ಹಬ್ಬಿಸಿದ ಕಾಳು ಇಲ್ಲಾ ಕಟಗಿ ಹೊಟ್ಟು) ತುಂಬಬ್ಯಾಡ್ರಿ, ಹಸಿ ಕಟಗಿಯ ಜೀವಕೋಶ ಇನ್ನಾ ಶಿಲೀಂಧ್ರದ ಜೋಡಿ ಬಡದಾಡ್ತಾವ, ಎರಡು ಮೂರು ವಾರ ನೆಳ್ಳಾಗ ಬಿಟ್ರ ಅವು ಸಾಯ್ತಾವ, ಭಾಳ ದಿನ ಬಿಟ್ರ ಮತ್ತ ಊರಾಗಿನ ಬ್ಯಾರೆ ಬೂಸ್ಟೆಲ್ಲ ಮೊದಲ ಬಂದು ಕೂಡ್ತದ. ಹಿಂಗಾಗಿ ಮೇ ಕೊನೀಗಿ ಮುರದ ಟೊಂಗಿಗಿ ಜೂನ್ ನಡುವ ಬೀಜ, ಅಷ್ಟೊತ್ತಿಗಿ ಸೆಕೀನೂ ಇಳದಿರ್ತದ.

ಬೀಜ ತುಂಬ್ಲಾಕ ತುಂಡಿಗಿ ಹಾಕೋ ತೂತಿನ ಲೆಕ್ಕ ಸರಳ ಅದ. ನಾಲ್ಕೂವರೆ ಇಂಚು ದಪ್ಪದ ತುಂಡಿನ ಸುತ್ತಳತಿ ಸುಮಾರ 14 ಇಂಚು, ಸಾಲಿನಿಂದ ಸಾಲಿಗಿ 3 ಇಂಚು ಬಿಟ್ರ ಐದು ಸಾಲು, ಸಾಲಿನ್ಯಾಗ 6 ಇಂಚಿಗೊಂದು, ಒಟ್ಟು 30 ತೂತು. ಪಕ್ಕದ ಸಾಲಿನ ತೂತು ಎದುರಾಬದುರಾ ಬರಬಾರದು, ನಡುನಡುವ ಬರಬೇಕು. ಆಳ 1 ಇಂಚು ಸಾಕು. ನಮ್ಮ ಓಣಿ ಬಡಗಿ ಕಾಕಾ ಡ್ರಿಲ್ ಮಶಿನ್ ಕೊಟ್ಟು “ತಮ್ಮಾ, ಚಲೋ ಕಟಗಿಗಿ ಕೈಯಾರೆ ಯಾಕ್ ಹುಳ ಹಚ್ಲತ್ತೀಯೋ” ಅಂದ್ರು, ಒಂದ್ ರೀತಿ ನೋಡಿದ್ರ ಅವರ ಮಾತು ಖರೇನೇ ಅದ.

ಬೀಜ ಅಂದ್ರ ಸ್ಪಾನ್. ನಮ್ಮ ದೇಶದಾಗ ಭಾಳಷ್ಟು ಸ್ಪಾನ್ ಜ್ವಾಳ ಇಲ್ಲಾ ಗೋದಿ ಕಾಳಿನ ಮ್ಯಾಲೆ ಬೆಳಸಿದ್ದೇ ಸಿಗ್ತದ, ಚೀಲದಾಗ ಹುಲ್ಲು ತುಂಬಿ ಬೆಳಸೋದಕ್ಕ ಅದು ಮಸ್ತ್, ಆದ್ರ ತುಂಡಿನ ತೂತಿಗಿ ತುಂಬಿದ್ರ ಇರುವಿ, ಇಲಿ ಎರಡಕ್ಕೂ ಹಬ್ಬ. ಕಟಗಿ ಹೊಟ್ಟಿನ ಸ್ಪಾನ್ ಇಲ್ಲಾ ಕಟಗಿ ಗೂಟದ ಸ್ಪಾನ್ ಸಿಕ್ರ ಅದನ್ನೇ ತಗೋರಿ. ಬೆಂಗಳೂರಿನ ಹೆಸರಘಟ್ಟ ತೋಟಗಾರಿಕಾ ಸಂಶೋಧನಾ ಸಂಸ್ಥೆಯೊಳಗ ಅಣಬಿ ಲ್ಯಾಬ್ ಅದ, ಇಲ್ಲಿ ಕೃಷಿ ವಿಜ್ಞಾನ ಕೇಂದ್ರದಾಗೂ ವಿಚಾರಸ್ರಿ. ತುಂಬಿದ ಮ್ಯಾಲೆ ಕಾಯಿಸಿದ ಮೇಣ ಹಚ್ಚಿ ಬಾಯಿ ಮುಚ್ಚಬೇಕು.

ಈಗ ಮುಖ್ಯ ವಿಷಯ, ನೀರು. ನನ್ನ ಮೊದಲನೇ ತುಂಡು ಸತ್ತದ್ದು ಇದರಾಗೇ. ಪಡುವಣ ಗ್ವಾಡಿಗಿ ಆನಿಸಿ ಪರಸಿ ಮ್ಯಾಲೆ ನಿಲ್ಲಿಸಿದ್ದೆ, ದಿನಾ ಸಂಜೀಗಿ ಒಂದು ತಂಬಗಿ ನೀರು ಹಾಕಿ ಭಾಳ ಮಾಡೀನಿ ಅನ್ಕೊಂಡಿದ್ದೆ. ಏಪ್ರಿಲ್‌ದಾಗ ಮೇಣ ಕರಗಿ ಇಳೀತು, ತೊಗಟಿ ಸೀಳ್ತು, ಒಡದು ನೋಡಿದ್ರ ಒಳಗ ಕಟಗಿ ಒಣಾ ಕಟಕಟ. ಮ್ಯಾಲೆ ಹಾಕಿದ ನೀರು ಒಳಗ ಹೋಗಿದ್ದೇ ಇಲ್ಲ.

ಕಟಗಿ ಒಳಗ ನೀರಿನ ಪಾಲು 35ರಿಂದ 45 ಪರ್ಸೆಂಟ್ ಇರಬೇಕು, 30ರ ಕೆಳಗ ಹೋದ್ರ ನೂಲು ಸಾಯ್ಲಾಕ ಹತ್ತದ. ಅಳಿಯೋದು ಹೆಂಗ? ತಕ್ಕಡಿ ಸಾಕು. ಟೊಂಗಿ ಕೊಯ್ಯೋ ದಿನಾನೇ ತುದಿಯಿಂದ ಒಂದು ಗೇಣು ಒಳಗ ಬಂದು (ತುದಿ ಮೊದಲೇ ಒಣಗಿರ್ತದ) ಒಂದು ಬಿಲ್ಲೆ ಕೊಯ್ದು ತೂಗ್ರಿ, 200 ಗ್ರಾಂ ಅನ್ಕೋರಿ. ಅದನ್ನ ಓವನ್‌ದಾಗ ತೂಕ ಇಳಿಯೋದು ನಿಲ್ಲೋತನಕ ಒಣಗಿಸ್ರಿ, 120 ಉಳೀತು ಅಂದ್ರ 80 ಗ್ರಾಂ ನೀರಿತ್ತು, 40 ಪರ್ಸೆಂಟ್. ಈಗ ಇಡೀ ತುಂಡು ಅದೇ ದಿನ 9 ಕೆಜಿ ಇತ್ತಂದ್ರ ಒಣ ಕಟಗಿ 5.4 ಕೆಜಿ. ನೀರು 30 ಪರ್ಸೆಂಟಿಗಿ ಇಳದಾಗ ತೂಕ ಎಷ್ಟು? ಇಲ್ಲೇ ನಾನೂ ತಪ್ಪಿದ್ದೆ, ಹತ್ತು ಪರ್ಸೆಂಟ್ ಕಮ್ಮಿ ಆಯ್ತು ಅಂದ್ರ 8.1 ಅಂತ ಬರದಿದ್ದೆ. ಅಲ್ಲ. ಒಣ ಕಟಗಿ ಬದಲಾಗಲ್ಲ, ಅದೀಗ ಒಟ್ಟಿನ 70 ಪರ್ಸೆಂಟ್, ಹಂಗಾಗಿ 5.4ನ್ನ 0.7ರಿಂದ ಭಾಗಸ್ರಿ, 7.7 ಕೆಜಿ. ಅದು ಸಾಯೋ ಗೆರಿ. ನಾವು ಅಲ್ಲಿತನಕ ಕಾಯಬಾರದು, 35 ಪರ್ಸೆಂಟಿಗೇ ಏಳಬೇಕು, 5.4 ಭಾಗಾಕಾರ 0.65, ಅಂದ್ರ 8.3 ಕೆಜಿ. ತೂಕ ಅಲ್ಲಿಗಿ ಬಂತಂದ್ರ ತುಂಡು ನೀರಿನ್ಯಾಗ ಪೂರ್ತಿ ಮುಳುಗಿಸಿ 12ರಿಂದ 24 ತಾಸು ಬಿಡೋದು, ತೇಲದಂಗ ಮ್ಯಾಲೊಂದು ಕಲ್ಲಿಟ್ಟು. ನಳದ ನೀರಿದ್ರ ಒಂದು ದಿನ ಮೊದಲೇ ಟಾಕಿಯೊಳಗ ತೆರದಿಡ್ರಿ, ಬ್ಲೀಚಿಂಗ್ ವಾಸನಿ ಹೋಗ್ಲಿ. ಒಂದ್ ಹುಷಾರಿ, ಈ ಲೆಕ್ಕ ಮೊದಲನೇ ವರ್ಷಕ್ಕಷ್ಟೇ, ಆಮ್ಯಾಲೆ ಶಿಲೀಂಧ್ರ ಕಟಗೀನೇ ತಿಂದಿರ್ತದ, 5.4 ಅಂಬೋದು 5.4 ಉಳಿಯಲ್ಲ.

ತುಂಡನ್ನ ನೆಲಕ್ಕ ಮುಟ್ಟಿಸಿ ಇಡಬ್ಯಾಡ್ರಿ, ಒರಲಿ ಬಿಡಲ್ಲ. ಎರಡು ಇಟ್ಟಂಗಿ ಮ್ಯಾಲೆ, ಗಿಡದ ನೆಳ್ಳಾಗ, ಮ್ಯಾಲೆ ಹಸಿ ಗೋಣಿತಟ್ಟು. ಕೊಯ್ದ ತುದಿಗಿ ಬಿಳಿ ಮಚ್ಚಿ ಕಂಡ್ರ ನೂಲು ಅಲ್ಲಿತನಕ ಮುಟ್ಟೇದಂತ ಅರ್ಥ, ಹಸಿರು ಪುಡಿಯಂಥದ್ದು ಬಂದ್ರ ಅದು ಬ್ಯಾರೆ ಬೂಸ್ಟ್. ಜೂನ್‌ದಾಗ ತುಂಬಿದ್ದಕ್ಕ ಚಳಿಗಾಲಕ್ಕ ಬೆಳಿ ನೋಡೋದು ನನ್ನ ಪ್ಲಾನ್, ಡಿಸೆಂಬರ್ ರಾತ್ರಿ 15 ಡಿಗ್ರಿ ಹತ್ರ ಇಳೀತದಲ್ಲ, ಸಾದಾ ಸಿಂಪಿ ಅಣಬಿಗಿ ಅದು ಹಿತ, ಗುಲಾಬಿ ಜಾತಿಗಿ ಮಾತ್ರ ಅಷ್ಟು ತಂಪು ಆಗಿಬರಲ್ಲ. ಛತ್ರಿ ಅಂಚು ಮ್ಯಾಲೆ ತಿರುಗೋಕ ಮೊದಲೇ ಕೊಯ್ಬೇಕು. ತುಂಡಿನ ಮ್ಯಾಲೆ ತಾನಾಗೇ ಬ್ಯಾರೆ ಅಣಬಿನೂ ಏಳ್ತಾವ, ಬೀಜ ಹಾಕಿದ್ದೇ ಹೌದೋ ಅಲ್ಲೋ ಅಂತ ಎಳ್ಳಷ್ಟು ಅನುಮಾನ ಇದ್ರೂ ತಿನ್ನಬ್ಯಾಡ್ರಿ, ತಿಪ್ಪಿಗಿ ಒಗೀರಿ. ಹೌದಂತ ಗ್ಯಾರಂಟಿ ಇದ್ರೂ ಹಸಿದು ಬ್ಯಾಡ, ಚಂದಂಗ ಬೇಯಿಸಿ ತಿನ್ರಿ.

ನನ್ನ ಈ ಸಲದ ತುಂಡು ನಿನ್ನಿ ತೂಗಿದಾಗ 8.4 ಬಂತು. ಅವ್ವ ಟಾಕಿ ಖಾಲಿ ಕೊಟ್ರ ಐತ್ವಾರ ಮುಳಗಸ್ತೀನಿ.