ಆ 436 ರೂಪಾಯಿಯ ಮೆಸೇಜ್ ಅಳಿಸಬೇಡಿ

ದಾವಣಗೆರೆಯಲ್ಲಿ ನಾನು ಕೆಲಸ ಮಾಡುವ ಬ್ಯಾಂಕ್ ಶಾಖೆಗೆ ಜಗಳೂರು ಕಡೆಯ ಹೆಣ್ಣುಮಗಳೊಬ್ಬರು ಬಂದಿದ್ದರು. ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರಿದ ದುಡ್ಡಿಗೆ ಅಂತ ಗಂಡ ಇಲ್ಲೇ ಖಾತೆ ಇಟ್ಟಿದ್ದರು. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಖಾತೆ ಮುಚ್ಚಿಸಬೇಕು ಅಂದರು. ಕರ್ಚೀಫಿನಲ್ಲಿ ಸುತ್ತಿದ್ದ ಬಟನ್ ಫೋನ್ ತೆಗೆದು ನನ್ನ ಕೈಗೆ ಕೊಟ್ಟರು. ‘ನೋಡ್ರಿ ಸಾರ್, ಸುಮ್ನೆ ದುಡ್ಡು ಕಟ್ ಆಗೇತಿ. ನಮ್ಮೋರು ಇದ್ದಾಗ್ಲೂ ಇದಕ್ಕೇ ಬೈತಿದ್ರು.’

ಮೇ ಕೊನೆಯ ಮೆಸೇಜ್ ಅದು. ಡಿಆರ್, 436, ಪಿಎಂಜೆಜೆಬಿವೈ. ಅಷ್ಟೇ.

ಪಿಎಂಜೆಜೆಬಿವೈ ಅಂದರೆ ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆ, ಜೀವ ವಿಮೆ. ಆ 436 ಅದರ ವರ್ಷದ ಕಂತು. 2015ರಲ್ಲಿ ಶುರುವಾಗಿದ್ದು. 18ರಿಂದ 50 ವರ್ಷದೊಳಗೆ ಸೇರಿದವರು ಯಾವ ಕಾರಣಕ್ಕೆ ಸತ್ತರೂ ನಾಮಿನಿಗೆ 2 ಲಕ್ಷ ರೂಪಾಯಿ. ಅವರ ಗಂಡ ಯಾವತ್ತೋ ಅರ್ಜಿಗೆ ಸಹಿ ಹಾಕಿ ಮರೆತುಬಿಟ್ಟಿದ್ದರು, ನಾಮಿನಿ ಇವರೇ. ಮರಣ ಪ್ರಮಾಣಪತ್ರ, ಕ್ಲೇಮ್ ಫಾರಂ, ಈ ಹೆಣ್ಣುಮಗಳ ಪಾಸ್‌ಬುಕ್ ಪ್ರತಿ ಸೇರಿಸಿ ಕಳಿಸಿದೆವು. ದುಡ್ಡು ಬಂತು. ಖಾತೆ ಮುಚ್ಚಿಸಿಕೊಂಡು ಸುಮ್ಮನೆ ಹೋಗಿದ್ದರೆ? ಈಗಲೂ ನೆನೆಸಿಕೊಂಡರೆ ನನಗೆ ಸಂಕಟವಾಗುತ್ತದೆ.

ಬ್ಯಾಂಕಿನವರು ಯಾಕೆ ಹೀಗೆ ಮೊಟಕು ಮಾಡಿ ಬರೆಯುತ್ತಾರೆ? ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಾದರೆ 70 ಮಾತ್ರ, ಅದರಲ್ಲೂ ಒತ್ತು, ಕೊಂಬು, ದೀರ್ಘ ಎಲ್ಲವೂ ಬೇರೆ ಬೇರೆ ಎಣಿಕೆ. ಜಾಗ ಕಡಿಮೆ, ನಿಜ. ಆದರೂ ವಿಮೆಯ ಹೆಸರನ್ನಾದರೂ ಬಿಡಿಸಿ ಬರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸಿಆರ್, ಡಿಆರ್ ಅಂದರೆ ಮಂಡಿ ಲೆಕ್ಕದ ಜಮಾ, ಖರ್ಚು. ಎವಿಎಲ್ ಬಿಎಎಲ್ ಅಂದರೆ ಖಾತೆಯಲ್ಲಿ ಉಳಿದ ಹಣ. ಎಸಿಎಚ್ ಡಿ, ಅಂದರೆ ಖಾತೆಯಿಂದ ತಾನಾಗಿ ಆಗುವ ಕಡಿತ, ಅಂತ ಬಂದರೆ ಗಾಬರಿ ಬೇಡ, ಸಾಲದ ಕಂತಿಗೋ ಮತ್ತೊಂದಕ್ಕೋ ನೀವೇ ಮೊದಲು ಒಪ್ಪಿಗೆ ಕೊಟ್ಟಿರುತ್ತೀರಿ. ಅದರ ಜೊತೆ ಆರ್‌ಟಿಎನ್ ಅಂತ ಇದ್ದರೆ ಮಾತ್ರ ತಡಮಾಡಬೇಡಿ. ಕಂತು ವಾಪಸ್ ಹೋಗಿದೆ ಅಂತ ಅರ್ಥ, ಹೆಚ್ಚಾಗಿ ಖಾತೆಯಲ್ಲಿ ಹಣ ಸಾಲದೆ. ಬ್ಯಾಂಕೂ ದಂಡ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ.

ಡಿಬಿಟಿ ಅಂದರೆ ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣ. ‘ಗೃಹಲಕ್ಷ್ಮಿ 2000 ಬಂದಿಲ್ಲ’ ಅಂತ ಬರುವವರಲ್ಲಿ ಎಷ್ಟೋ ಜನರ ಹಣ ಬೇರೆ ಬ್ಯಾಂಕಿನ ಖಾತೆಗೆ ಹೋಗಿರುತ್ತದೆ. ಡಿಬಿಟಿಗೆ ಅಂತ ಆಧಾರ್ ಕೊನೆಗೆ ಎಲ್ಲಿ ಜೋಡಣೆಯಾಗಿದೆಯೋ ಅಲ್ಲಿಗೆ.

ಇನ್ನು ಕೆವೈಸಿ, ಅಂದರೆ ಬ್ಯಾಂಕ್ ಕೇಳುವ ನಿಮ್ಮ ಗುರುತು, ವಿಳಾಸದ ದಾಖಲೆ. ಈ ಮೂರಕ್ಷರಕ್ಕೆ ಹೆದರಿ ಹಣ ಕಳೆದುಕೊಂಡವರನ್ನು ಎದುರಿಗೇ ಕಂಡಿದ್ದೇನೆ. ‘ಇವತ್ತೇ ಕೆವೈಸಿ ಮಾಡಿ, ಇಲ್ಲವಾದರೆ ಖಾತೆ ಬಂದ್’ ಅಂತ ಹತ್ತಂಕಿಯ ಮಾಮೂಲಿ ನಂಬರಿನಿಂದ ಬಂದರೆ ಅದು ಬ್ಯಾಂಕಿನದಲ್ಲ. ಲಿಂಕ್ ಒತ್ತಬೇಡಿ, ನೇರ ಶಾಖೆಗೆ ಬನ್ನಿ. ಹಣ ಹೋಗಿಯೇಬಿಟ್ಟರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇವತ್ತು ಮನೆಯಲ್ಲಿ ಎಲ್ಲರ ಫೋನ್ ತೆಗೆದು ಮೇ ಕೊನೆಯ ವಾರದ ಮೆಸೇಜ್ ನೋಡಿ. 436ರ ಹಾಗೆಯೇ ಪಿಎಂಎಸ್‌ಬಿವೈ ಅಂತ 20 ರೂಪಾಯಿಯೂ ಕಟ್ ಆಗಿರಬಹುದು, ಅದು ಅಪಘಾತ ವಿಮೆ. ನಾಮಿನಿ ಯಾರು ಅಂತ ಶಾಖೆಯಲ್ಲಿ ಕೇಳಿಕೊಳ್ಳಿ. ಎರಡೂ ಇದ್ದವರು ಮೇ ಕೊನೆಗೆ ಖಾತೆಯಲ್ಲಿ 456 ರೂಪಾಯಿ ಬಿಟ್ಟಿರಿ.