ಸರ್ಕಾರಿ ಖರೀದಿ: ಲಕೋಟೆ ಹೋಯಿತು, ಷರತ್ತು ಉಳಿಯಿತು

ಅಂಬರನಾಥದಲ್ಲೋ ಡೊಂಬಿವಲಿಯಲ್ಲೋ ಉಕ್ಕಿನ ಕಪಾಟು ಮಾಡುವ ಸಣ್ಣ ಕಾರ್ಖಾನೆಯೊಂದಿದೆ ಎಂದಿಟ್ಟುಕೊಳ್ಳೋಣ. ಇಂಥದ್ದನ್ನು ನಡೆಸುವ ಕನ್ನಡಿಗರಿಗೆ ಮುಂಬಯಿ ಆಸುಪಾಸಿನಲ್ಲಿ ಕೊರತೆಯಿಲ್ಲ. ಅಲ್ಲಿ ತಯಾರಾದ ಕಪಾಟನ್ನು ರೈಲ್ವೆಗೆ ಮಾರಿದರೆ ಒಂದು ನಿಯಮ. ಮಂತ್ರಾಲಯದ, ಅಂದರೆ ಮಹಾರಾಷ್ಟ್ರ ಸಚಿವಾಲಯದ ಇಲಾಖೆಗೆ ಮಾರಿದರೆ ರಾಜ್ಯ ಸರ್ಕಾರದ 2016ರ ಖರೀದಿ ಕೈಪಿಡಿ. ಮಹಾನಗರ ಪಾಲಿಕೆಗೆ ಪಾಲಿಕೆಯದೇ ಷರತ್ತುಪತ್ರ. ಅಣುಶಕ್ತಿನಗರದಲ್ಲಿರುವ ಪರಮಾಣು ಇಂಧನ ಇಲಾಖೆಯ ಖರೀದಿ ನಿರ್ದೇಶನಾಲಯಕ್ಕಾದರೆ ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು. ಕಪಾಟು ಅದೇ, ಬೀಗದ ಕೈಯೂ ಅದೇ. ಆದರೆ ಠೇವಣಿ ಬೇರೆ, ಅನುಭವದ ಪ್ರಮಾಣಪತ್ರ ಬೇರೆ, ಬಿಲ್ ಪಾಸಾಗುವ ದಾರಿ ಬೇರೆ. ಇದನ್ನೆಲ್ಲ ಸರಿಪಡಿಸುತ್ತೇವೆ ಎಂಬ ಮಾತು ದೆಹಲಿಯಿಂದ ಹೊರಡಲು ತೊಡಗಿ ದಶಕಗಳೇ ಕಳೆದಿವೆ. ಪ್ರತಿ ಸುಧಾರಣೆಯೂ ಹಳೆಯದರ ಮೇಲೆ ಇನ್ನೊಂದು ಪದರವಾಗಿ ಕೂತಿದೆಯೇ ಹೊರತು ಹಳೆಯದನ್ನು ತೆಗೆದು ಹಾಕಿದ್ದು ಕಡಿಮೆ.

ಬ್ರಿಟಿಷರ ಕಾಲದಲ್ಲಿ ಲಂಡನ್ನಿನಲ್ಲಿ ನಡೆಯುತ್ತಿದ್ದ ಖರೀದಿ 1922ರಲ್ಲಿ ಇಂಡಿಯನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ಮೂಲಕ ಇಲ್ಲಿಗೆ ಇಳಿಯಿತು. ಎರಡನೇ ಮಹಾಯುದ್ಧ ಅದನ್ನು ಹಿಗ್ಗಿಸಿತು. ಸ್ವಾತಂತ್ರ್ಯಾನಂತರ ಅದು ಪೂರೈಕೆ ಮತ್ತು ವಿಲೇವಾರಿ ಮಹಾನಿರ್ದೇಶನಾಲಯವಾಗಿ, ಮುಂಬಯಿ, ಕೋಲ್ಕತ್ತ, ಚೆನ್ನೈಗಳಲ್ಲಿ ಕಚೇರಿ ಇಟ್ಟುಕೊಂಡು, ಫ್ಯಾನು, ಟಯರು, ಕಂಬಳಿಗಳಿಗೆಲ್ಲ ದರ ಗೊತ್ತುಮಾಡುತ್ತ 2017ರ ಅಕ್ಟೋಬರ್ ಕೊನೆಯವರೆಗೆ ಬದುಕಿತು. ಇಷ್ಟು ದೀರ್ಘ ಕಾಲದಲ್ಲಿ ಎಷ್ಟು ಕೊಳ್ಳಬೇಕು, ಯಾರ ಸಹಿ ಬೇಕು ಎಂಬುದಕ್ಕೆ ನಿಯಮಗಳಿದ್ದವು. ಮಾರಲು ಬಂದವನಿಗೂ ಹಕ್ಕು ಇದೆ ಎಂಬ ಮಾತು ಮಾತ್ರ ಬಹುಕಾಲ ಎಲ್ಲೂ ಸ್ಪಷ್ಟವಾಗಿರಲಿಲ್ಲ.

ಆ ಮಾತು ಸ್ಪಷ್ಟವಾದದ್ದು ಮುಂಬಯಿಯ ತಿಂಡಿ ಅಂಗಡಿಯೊಂದರ ವ್ಯಾಜ್ಯದಲ್ಲಿ. 1977ರ ಜನವರಿಯಲ್ಲಿ ಬಾಂಬೆ ವಿಮಾನ ನಿಲ್ದಾಣದಲ್ಲಿ ಒಂದು ದ್ವಿತೀಯ ದರ್ಜೆಯ ರೆಸ್ಟೋರೆಂಟ್ ಮತ್ತು ಎರಡು ಸ್ನ್ಯಾಕ್ ಬಾರ್‌ಗಳನ್ನು ಮೂರು ವರ್ಷ ನಡೆಸಲು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರ ಟೆಂಡರ್ ಕರೆಯಿತು. ಕನಿಷ್ಠ ಐದು ವರ್ಷ ಅನುಭವವಿರುವ ನೋಂದಾಯಿತ ದ್ವಿತೀಯ ದರ್ಜೆ ಹೋಟೆಲಿಗರು ಮಾತ್ರ ಅರ್ಜಿ ಹಾಕಬಹುದು ಎಂಬುದು ಷರತ್ತು. ತಿಂಗಳಿಗೆ 6,666.66 ರೂಪಾಯಿ ಪರವಾನಗಿ ಶುಲ್ಕ ಕೊಡಲು ಮುಂದೆ ಬಂದವರಿಗೆ ಗುತ್ತಿಗೆ ಸಿಕ್ಕಿತು. ಅವರಿಗೆ ಕ್ಯಾಂಟೀನ್ ನಡೆಸಿದ ಅನುಭವ ಬೇಕಾದಷ್ಟಿತ್ತು. ದ್ವಿತೀಯ ದರ್ಜೆಯ ಹೋಟೆಲಿನ ನೋಂದಣಿ ಇರಲಿಲ್ಲ. ಅಡುಗೆ ಬಲ್ಲವರಿಗೆ ಅಡುಗೆಮನೆ ಕೊಟ್ಟರೆ ತಪ್ಪೇನು ಎಂಬುದು ಪ್ರಾಧಿಕಾರದ ಧೋರಣೆ. ತಪ್ಪಿದೆ ಎಂದು ನ್ಯಾಯಾಲಯಕ್ಕೆ ಹೋದವರು ರಮಣ ದಯಾರಾಂ ಶೆಟ್ಟಿ. ಅವರು ಟೆಂಡರನ್ನೇ ಹಾಕಿರಲಿಲ್ಲ. ಅವರ ವಾದ ಸರಳವಾಗಿತ್ತು: ಆ ಷರತ್ತು ಸಡಿಲವಾಗುತ್ತದೆ ಎಂದು ಗೊತ್ತಿದ್ದರೆ ನಾನೂ ಹಾಕುತ್ತಿದ್ದೆ.

1979ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಪೀಠದ ಪರವಾಗಿ ನ್ಯಾಯಮೂರ್ತಿ ಪಿ.ಎನ್. ಭಗವತಿ ತೀರ್ಪು ಬರೆದರು. ಸರ್ಕಾರ ತಾನೇ ಸಾರಿದ ಅಳತೆಗೋಲಿಗೆ ತಾನು ಕಟ್ಟುಬಿದ್ದಿರಬೇಕು, ಗುತ್ತಿಗೆ ಕೊಡುವುದು ಮನಸ್ಸಿಗೆ ಬಂದವರಿಗೆ ಕೊಡುವ ಕೊಡುಗೆಯಲ್ಲ, ಅಲ್ಲಿಯೂ ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ವಿಧಿ ಅನ್ವಯಿಸುತ್ತದೆ ಎಂಬುದು ಅದರ ತಿರುಳು. ಇಂದಿಗೂ ದೇಶದ ಯಾವ ಟೆಂಡರ್ ವ್ಯಾಜ್ಯದ ಕಡತ ತೆರೆದರೂ ಈ ಪ್ರಕರಣದ ಉಲ್ಲೇಖ ಸಿಗುತ್ತದೆ. ಹೋಟೆಲ್ ಉದ್ಯಮದಿಂದಲೇ ತಲೆಯೆತ್ತಿದ ನಮ್ಮ ಮುಂಬಯಿ ಕನ್ನಡಿಗರ ಸಭೆಗಳಲ್ಲಿ ಇದರ ಪ್ರಸ್ತಾಪ ಅಷ್ಟಾಗಿ ಆಗದಿರುವುದು ಸೋಜಿಗವೇ. ಅಂದಹಾಗೆ, ಶೆಟ್ಟಿಯವರಿಗೆ ಪರಿಹಾರವೇನೂ ಸಿಗಲಿಲ್ಲ. ಐದು ತಿಂಗಳಿಗೂ ಹೆಚ್ಚು ತಡವಾಗಿ ನ್ಯಾಯಾಲಯಕ್ಕೆ ಬಂದಿದ್ದರು, ಅಷ್ಟರಲ್ಲಿ ಗುತ್ತಿಗೆ ಪಡೆದವರು ಹಣ ಹೂಡಿ ವ್ಯಾಪಾರ ಆರಂಭಿಸಿದ್ದರು. ತತ್ವ ಗೆದ್ದಿತು, ಗುತ್ತಿಗೆ ಹಾಗೆಯೇ ಉಳಿಯಿತು. ಟೆಂಡರ್ ವ್ಯಾಜ್ಯಗಳಲ್ಲಿ ಇದು ಮತ್ತೆ ಮತ್ತೆ ಕಾಣಿಸುವ ಫಲಿತಾಂಶ.

1994ರಲ್ಲಿ ಮುಂಬಯಿ ಸೇರಿ ನಾಲ್ಕು ಮಹಾನಗರಗಳ ಮೊಬೈಲ್ ಪರವಾನಗಿಯ ಜಗಳ, ಅಂದರೆ ಟಾಟಾ ಸೆಲ್ಯುಲಾರ್ ಪ್ರಕರಣ, ಸುಪ್ರೀಂ ಕೋರ್ಟಿಗೆ ಬಂದಾಗ ನ್ಯಾಯಾಲಯ ಸ್ವಲ್ಪ ಹಿಂದೆ ಸರಿಯಿತು. ನಿರ್ಧಾರಕ್ಕೆ ಬಂದ ವಿಧಾನವನ್ನು ಪರಿಶೀಲಿಸುತ್ತೇವೆ, ನಿರ್ಧಾರವನ್ನೇ ಮೇಲ್ಮನವಿಯಂತೆ ತೂಗಲು ಕೂರುವುದಿಲ್ಲ ಎಂದಿತು. ವಿಧಾನ ಶುದ್ಧವಾಗಿದ್ದರೆ ಸಾಕು ಎಂಬ ಈ ನಿಲುವನ್ನು ಕಚೇರಿಗಳು ತಮಗೆ ಬೇಕಾದಂತೆ ಓದಿಕೊಂಡವು ಎಂದೇ ಹೇಳಬೇಕು. ಕೊಂಡ ವಸ್ತು ಬಾಳುತ್ತದೆಯೇ ಎಂಬುದಕ್ಕಿಂತ ಕಡತ ನಿಲ್ಲುತ್ತದೆಯೇ ಎಂಬುದು ಮುಖ್ಯವಾಯಿತು. ಕೇಂದ್ರ ಜಾಗೃತ ಆಯೋಗ (ಸಿವಿಸಿ), ಸಿಬಿಐ, ಮಹಾಲೇಖಪಾಲರು (ಸಿಎಜಿ) ಎಂಬ ‘ಮೂರು ಸಿ’ಗಳ ಭಯ ಅಧಿಕಾರಿ ವಲಯದಲ್ಲಿ ನಿತ್ಯದ ಮಾತು. 1998ರಲ್ಲಿ ಜಾಗೃತ ಆಯೋಗ ಟೆಂಡರ್ ತೆರೆದ ಮೇಲೆ ಚೌಕಾಸಿ ಮಾಡುವುದಾದರೆ ಎಲ್-1, ಅಂದರೆ ಅತಿ ಕಡಿಮೆ ದರ ಹೇಳಿದವನೊಡನೆ ಮಾತ್ರ ಎಂದು ಸುತ್ತೋಲೆ ಹೊರಡಿಸಿತು. ಅದರ ಉದ್ದೇಶ ಒಳ್ಳೆಯದೇ. ಆದರೆ ಎಲ್-1 ಬಿಟ್ಟು ಎಲ್-2ಗೆ ಕೊಟ್ಟ ಅಧಿಕಾರಿ ವಿವರಣೆ ಬರೆಯಬೇಕು. ಎಲ್-1ಗೆ ಕೊಟ್ಟು ಸಾಮಾನು ಆರು ತಿಂಗಳಲ್ಲಿ ಮುರಿದರೆ ಯಾರೂ ವಿವರಣೆ ಕೇಳುವುದಿಲ್ಲ. ಹೀಗಿರುವಾಗ ಆರಿಸಿಕೊಳ್ಳುವುದು ಯಾವುದನ್ನು ಎಂದು ಊಹಿಸಲು ಕಷ್ಟವಿಲ್ಲ. ಗುಣಮಟ್ಟಕ್ಕೂ ಅಂಕ ಕೊಡಬಹುದು ಎಂದು ಹಣಕಾಸು ಸಚಿವಾಲಯ ಕಾಮಗಾರಿಗಳಿಗೆ ಅವಕಾಶ ತೆರೆದದ್ದು 2021ರ ಅಕ್ಟೋಬರಿನಲ್ಲಿ. ಅದೂ ಗರಿಷ್ಠ ಶೇ 30ರಷ್ಟು, ಅದೂ ಕೆಲವು ಬಗೆಯ ಕೆಲಸಗಳಿಗೆ.

ಈ ನಡುವೆ ಕಾಯ್ದೆಯ ದಾರಿ ಹಿಡಿದದ್ದು ದಕ್ಷಿಣದ ರಾಜ್ಯಗಳು. ತಮಿಳುನಾಡು 1998ರಲ್ಲಿ, ಕರ್ನಾಟಕ 1999ರಲ್ಲಿ ಪಾರದರ್ಶಕತೆಯ ಕಾಯ್ದೆ ಮಾಡಿದವು. ನಾವಿರುವ ಮಹಾರಾಷ್ಟ್ರದಲ್ಲಿ ವ್ಯವಹಾರವೆಲ್ಲ ಸರ್ಕಾರಿ ನಿರ್ಣಯ, ಅಂದರೆ ‘ಜಿಆರ್’ಗಳ ಮೇಲೆಯೇ ನಡೆಯುತ್ತದೆ. ಊರಿನ, ಅಂದರೆ ಕರ್ನಾಟಕದ ಕಾಯ್ದೆಯನ್ನು ಹೊಗಳುವಾಗ ಅದರ 4(ಜಿ) ಕಲಮನ್ನು ಮರೆಯುವಂತಿಲ್ಲ. ನಿರ್ದಿಷ್ಟ ಖರೀದಿಗೆ ಸರ್ಕಾರ ಅಧಿಸೂಚನೆಯ ಮೂಲಕ ವಿನಾಯಿತಿ ಕೊಡಬಹುದು ಎನ್ನುವ ಕಲಮದು. ಕೋಟೆ ಕಟ್ಟಿದವರು ಹಿಂಬಾಗಿಲನ್ನೂ ನೆನಪಿನಿಂದ ಇಟ್ಟಿದ್ದರು.

ಕಾಮನ್‌ವೆಲ್ತ್ ಕ್ರೀಡಾಕೂಟದ ಗದ್ದಲದ ಬೆನ್ನಿಗೆ 2011ರಲ್ಲಿ ಸರ್ಕಾರಿ ಖರೀದಿ ಕುರಿತ ವಿನೋದ್ ಧಲ್ ಸಮಿತಿ ಬಂತು. 2012ರ ಮೇ ತಿಂಗಳಲ್ಲಿ ಲೋಕಸಭೆಯಲ್ಲಿ ಸಾರ್ವಜನಿಕ ಖರೀದಿ ಮಸೂದೆ ಮಂಡನೆಯಾಯಿತು. 2014ರಲ್ಲಿ ಸದನ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು. 2015ರ ಬಜೆಟ್ ಭಾಷಣದಲ್ಲಿ ಖರೀದಿ ಕಾನೂನಿನ ಅಗತ್ಯ ಮತ್ತೆ ಪ್ರಸ್ತಾಪವಾಯಿತು, ಮಸೂದೆ ಮಾತ್ರ ಸಂಸತ್ತಿಗೆ ಮರಳಲಿಲ್ಲ. ಎರಡು ಪಕ್ಷಗಳ ಸರ್ಕಾರಗಳಿಗೂ ಬೇಕೆನಿಸಿದ ಕಾನೂನು ಯಾರ ಕಾಲದಲ್ಲೂ ಜಾರಿಯಾಗದಿರುವುದಕ್ಕೆ ಒಂದು ಕಾರಣ ಊಹಿಸಬಹುದು: ಕಾಯ್ದೆ ಬಂದರೆ ಸೋತ ಬಿಡ್‌ದಾರನಿಗೆ ದೂರು ಹೇಳಲು ಸ್ವತಂತ್ರ ವೇದಿಕೆ ಬೇಕಾಗುತ್ತದೆ. ನಿಯಮಾವಳಿಯಾದರೆ ಅದರ ಗೊಡವೆಯಿಲ್ಲ.

ಕಾಯ್ದೆಯ ಜಾಗಕ್ಕೆ ಪೋರ್ಟಲ್ ಬಂತು. 2016ರ ಆಗಸ್ಟ್ 9ರಂದು ಆರಂಭವಾದ ಸರ್ಕಾರಿ ಇ-ಮಾರುಕಟ್ಟೆ ‘ಜೆಮ್’ ಅನ್ನು 2017ರ ಸಾಮಾನ್ಯ ಹಣಕಾಸು ನಿಯಮಗಳು ಕೇಂದ್ರದ ಇಲಾಖೆಗಳಿಗೆ ಕಡ್ಡಾಯ ಮಾಡಿದವು. 2023-24ರಲ್ಲಿ ಅದರ ಮೂಲಕ ನಡೆದ ವಹಿವಾಟು 4 ಲಕ್ಷ ಕೋಟಿ ರೂಪಾಯಿ ದಾಟಿತು. ಇದರಿಂದ ಸಣ್ಣವರಿಗೆ ಅನುಕೂಲವಾಗಿರುವುದನ್ನು ಅಲ್ಲಗಳೆಯಲಾಗದು. ಟೆಂಡರ್ ಪ್ರತಿಗಾಗಿ ಕಚೇರಿಯ ಗುಮಾಸ್ತರ ಮುಂದೆ ನಿಲ್ಲುವ ಕಾಲ, ಲಕೋಟೆಯನ್ನು ಪೆಟ್ಟಿಗೆಗೆ ಹಾಕಲು ಬಿಡದೆ ಬಾಗಿಲಲ್ಲೇ ತಡೆಯುವವರಿದ್ದ ಕಾಲ ಬಹುಮಟ್ಟಿಗೆ ಮುಗಿಯಿತು.

ಆದರೆ ಬಿಡ್ ದಾಖಲೆಯ ಕೊನೆಯ ಪುಟಗಳಿಗೆ ಬನ್ನಿ. ಅಲ್ಲಿ ಕೊಳ್ಳುವ ಕಚೇರಿ ತಾನೇ ಸೇರಿಸುವ ಹೆಚ್ಚುವರಿ ಷರತ್ತುಗಳಿರುತ್ತವೆ. ವ್ಯಾಪಾರಿಗಳ ಬಾಯಲ್ಲಿ ‘ಎಟಿಸಿ’. ನನ್ನ ಪರಿಚಯದ ಪೂರೈಕೆದಾರರೊಬ್ಬರು ಬಿಡ್ ತೆರೆದ ಕೂಡಲೇ ಬೆಲೆ, ಪ್ರಮಾಣ ಏನನ್ನೂ ನೋಡದೆ ನೇರವಾಗಿ ಎಟಿಸಿಗೆ ಇಳಿಯುತ್ತಾರೆ. ಇಷ್ಟೇ ದಪ್ಪದ ತಗಡು, ಇದೇ ನಗರದಲ್ಲಿ ಸೇವಾ ಕೇಂದ್ರ, ಇಂಥದೇ ಇಲಾಖೆಗೆ ಹಿಂದೆ ಪೂರೈಸಿದ ಪತ್ರ ಎಂದು ನಾಲ್ಕು ಸಾಲು ಓದಿದರೆ ಬಿಡ್ ಯಾರಿಗೆ ಹೋಗುತ್ತದೆ ಎಂದು ಅವರಿಗೆ ಗೊತ್ತಾಗಿಬಿಡುತ್ತದಂತೆ. ವರನ ಅಳತೆ ತೆಗೆದು ಕೋಟು ಹೊಲಿಸಿಟ್ಟು, ಆಮೇಲೆ ಯಾರಿಗೆ ಹೊಂದುತ್ತದೋ ಅವರೇ ವರ ಎಂದು ಡಂಗುರ ಸಾರಿದ ಹಾಗೆ. ಪೋರ್ಟಲ್ಲಿನ ನಿಯಮಗಳು ಇಂಥ ಷರತ್ತುಗಳನ್ನು ನಿಷೇಧಿಸುತ್ತವೆ. ಆದರೆ ಬಿಡ್ ಮುಚ್ಚುವ ಮೊದಲು ಆಕ್ಷೇಪ ಸಲ್ಲಿಸಬೇಕಾದವನು ನಾಳೆ ಅದೇ ಕಚೇರಿಗೆ ಮಾರಲು ಹೋಗಬೇಕಾದವನು.

ಬಿಡ್‌ದಾರರೇ ಒಳಗೊಳಗೆ ಕೈಜೋಡಿಸಿದರೂ ಗಣಕಯಂತ್ರ ತಡೆಯಲಾರದು, ಜಾಡು ಮಾತ್ರ ಉಳಿಸುತ್ತದೆ. ಪುಣೆ ಮಹಾನಗರ ಪಾಲಿಕೆಯ ಕಸ ಸಂಸ್ಕರಣಾ ಘಟಕಗಳ 2014-15ರ ಟೆಂಡರುಗಳಲ್ಲಿ ಪೂರ್ವಯೋಜಿತ ಬಿಡ್ ನಡೆದಿದೆ ಎಂದು ಸ್ಪರ್ಧಾ ಆಯೋಗ 2018ರಲ್ಲಿ ಹಲವು ಸಂಸ್ಥೆಗಳಿಗೆ ದಂಡ ಹಾಕಿತು. ಪ್ರತಿಸ್ಪರ್ಧಿಗಳೆಂದು ಹೇಳಿಕೊಂಡವರ ಬಿಡ್‌ಗಳು ಒಂದೇ ಐಪಿ ವಿಳಾಸದಿಂದ ಬಂದಿದ್ದವು. ದೂರು ಕೊಟ್ಟದ್ದು ಪುಣೆಯ ನಾಗರಿಕ ಸಂಘಟನೆಯೊಂದು.

ಅತ್ತ ವಿಜ್ಞಾನಿಗಳ ಗೋಳೇ ಬೇರೆ. ನಿಖರ ಉಪಕರಣವನ್ನು ಅತಿ ಕಡಿಮೆ ದರದ ಪೋರ್ಟಲ್ಲಿನಲ್ಲಿ ಹುಡುಕಬೇಕೆಂದರೆ ಪ್ರಯೋಗಾಲಯ ನಡೆಯುವುದಿಲ್ಲ ಎಂದು ವರ್ಷಗಳ ಕಾಲ ಗೊಣಗಿದ ಮೇಲೆ, 2025ರ ಜೂನ್‌ನಲ್ಲಿ ಕೇಂದ್ರ ಅವರಿಗೆ ಜೆಮ್‌ನ ಹೊರಗೆ ಕೊಳ್ಳುವ ಅವಕಾಶ ನೀಡಿತು. ಸುಧಾರಣೆಯಿಂದಲೇ ವಿನಾಯಿತಿ ಕೊಡುವುದೂ ಈಗ ಒಂದು ಸುಧಾರಣೆ.

ಇನ್ನು ಉಳಿದದ್ದು ಹಣ. ಇದರ ಬಗ್ಗೆ ಟೆಂಡರ್ ಸುಧಾರಣೆಯ ಚರ್ಚೆಗಳು ಏಕೋ ಕಡಿಮೆ ಮಾತನಾಡುತ್ತವೆ, ಸಣ್ಣ ಕಾರ್ಖಾನೆಯವನು ಮಾತ್ರ ಇದನ್ನೇ ಮೊದಲು ಎತ್ತುತ್ತಾನೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದ ಬಿಲ್ಲನ್ನು ಗರಿಷ್ಠ 45 ದಿನಗಳಲ್ಲಿ ತೀರಿಸಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಜೆಮ್‌ನಲ್ಲಂತೂ ಸಾಮಾನು ಸ್ವೀಕರಿಸಿದ ಪ್ರಮಾಣಪತ್ರವಾದ ಹತ್ತು ದಿನಗಳಲ್ಲಿ ಹಣ ಕೊಡಬೇಕು. ಬಡ್ಡಿ ಕೇಳಿ ಗಿರಾಕಿಯ ಮೇಲೆ ದಾವೆ ಹೂಡುವವರು ಸಾಮಾನ್ಯವಾಗಿ ಆ ವ್ಯಾಪಾರದ ಆಸೆ ಬಿಟ್ಟವರು. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯ 43ಬಿ ಕಲಮಿಗೆ ಹೊಸ ಉಪಕಲಮು ಸೇರಿಸಿ, ಸಣ್ಣವರಿಗೆ ಸಕಾಲಕ್ಕೆ ಹಣ ಕೊಡದ ಕಂಪನಿ ಆ ಖರ್ಚನ್ನು ಆ ವರ್ಷದ ಆದಾಯದಿಂದ ಕಳೆಯುವಂತಿಲ್ಲ ಎಂದಿತು. ಖಾಸಗಿ ಗಿರಾಕಿಗಳಿಗೆ ಇದು ಚುರುಕು ಮುಟ್ಟಿಸಿತು. ಮಾರ್ಚ್ ತಿಂಗಳಲ್ಲಿ ಬಾಕಿ ವಿಚಾರಿಸಿ ಫೋನ್ ಮಾಡತೊಡಗಿದರು. ಸರ್ಕಾರಿ ಇಲಾಖೆ ಆದಾಯ ತೆರಿಗೆ ಕಟ್ಟುವುದಿಲ್ಲ. ಆದ್ದರಿಂದ ಆ ಕಲಮು ಅದಕ್ಕೆ ತಾಗುವುದಿಲ್ಲ.