ಅರ್ಧ ಮಿಲಿಮೀಟರ್ ಹೊಲಿಗೆ, ಇಪ್ಪತ್ತು ಅಡಿ ದೂರ

1998ರ ಜೂನ್‌ನಲ್ಲಿ ಅಮೆರಿಕದ ಕಾಲೇಜು ಬೇಸ್‌ಬಾಲ್ ಫೈನಲ್ ಮುಗಿದಾಗ ಫಲಕದ ಮೇಲಿದ್ದ ಸ್ಕೋರು 21–14. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅರಿಝೋನಾ ಸ್ಟೇಟ್ ತಂಡವನ್ನು ಸೋಲಿಸಿತ್ತು. ನೆಬ್ರಾಸ್ಕಾದ ಒಮಾಹಾ ನಗರದಲ್ಲಿ ನಡೆದ ಆ ಕೂಟದಲ್ಲಿ ಒಟ್ಟು 62 ಹೋಮ್ ರನ್‌ಗಳು, ಅಂದರೆ ಚೆಂಡು ಬೇಲಿ ದಾಟಿದ ಹೊಡೆತಗಳು, ಬಂದಿದ್ದವು. 2014ರಲ್ಲಿ ಅದೇ ನಗರದಲ್ಲಿ ಅದೇ ಕೂಟ ನಡೆದಾಗ ಬಂದ ಹೋಮ್ ರನ್ ಮೂರೇ ಮೂರು. ಹದಿನಾರು ವರ್ಷಗಳಲ್ಲಿ ಅಮೆರಿಕದ ಹುಡುಗರ ತೋಳಬಲವೇನೂ ಕುಗ್ಗಿರಲಿಲ್ಲ. ಕುಗ್ಗಿದ್ದು ಬ್ಯಾಟಿನ ಪುಟಿತ. ಅದನ್ನು ಕುಗ್ಗಿಸಿದ್ದು ನಿಯಮ ಪುಸ್ತಕ.

ಕ್ರಿಕೆಟ್ ನೋಡಿ ಬೆಳೆದವರಿಗೆ ಲೋಹದ ಬ್ಯಾಟು ಎಂದ ಕೂಡಲೇ ಡೆನಿಸ್ ಲಿಲ್ಲಿ ನೆನಪಾಗಬಹುದು. 1979ರ ಡಿಸೆಂಬರ್‌ನಲ್ಲಿ ಪರ್ತ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಅಲ್ಯೂಮಿನಿಯಂ ಬ್ಯಾಟು ಹಿಡಿದು ಬಂದು ಆತ ಎಬ್ಬಿಸಿದ ಗದ್ದಲದ ನಂತರ, ಬ್ಯಾಟು ಮರದ್ದೇ ಆಗಿರಬೇಕೆಂದು ಕ್ರಿಕೆಟ್ ಕಟ್ಟುನಿಟ್ಟು ಮಾಡಿತು. ಅಮೆರಿಕದ ಕಾಲೇಜು ಬೇಸ್‌ಬಾಲ್ ಅದಕ್ಕೆ ಐದು ವರ್ಷ ಮೊದಲೇ, 1974ರಲ್ಲಿ, ಲೋಹಕ್ಕೆ ಬಾಗಿಲು ತೆರೆದಿತ್ತು. ಕಾರಣ ಸರಳ, ದುಡ್ಡು. ಮರದ ಬ್ಯಾಟು ಮುರಿಯುತ್ತದೆ. ಕಾಲೇಜಿನ ಬಜೆಟ್ಟಿನಲ್ಲಿ ಅದೊಂದು ಮುಗಿಯದ ಖರ್ಚು. ಉಳಿತಾಯಕ್ಕೆಂದು ತಂದ ಲೋಹ ಆಟವನ್ನೇ ಬೇರೆ ಮಾಡಿತು.

ಅದು ಹೇಗೆಂದು ತಿಳಿಯಲು ಚೆಂಡಿನ ಒಳಗೆ ನೋಡಬೇಕು. ಬೇಸ್‌ಬಾಲ್ ಚೆಂಡಿನ ನಡುವೆ ರಬ್ಬರ್ ಹೊದಿಸಿದ ಕಾರ್ಕ್ ಇರುತ್ತದೆ. ಅದರ ಮೇಲೆ ಬಿಗಿಯಾಗಿ ಸುತ್ತಿದ ಉಣ್ಣೆಯ ನೂಲು, ಹೊರಗೆ 108 ಜೋಡಿ ಹೊಲಿಗೆ ಹಾಕಿದ ಚರ್ಮ. ಈ ಚೆಂಡು ಗಟ್ಟಿ ಮರಕ್ಕೆ ಬಡಿದಾಗ ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ಹೊತ್ತು ಚಪ್ಪಟೆಯಾಗುತ್ತದೆ. ಮರ ಜಗ್ಗುವುದಿಲ್ಲ, ಜಗ್ಗುವುದೆಲ್ಲ ಚೆಂಡೇ. ನೂಲಿನ ಎಳೆಗಳು ಒಂದಕ್ಕೊಂದು ಉಜ್ಜಿ, ಒಳಗೆ ಸೇರಿದ ಶಕ್ತಿಯ ಬಹುಪಾಲು ಬಿಸಿಯಾಗಿ ಹೋಗಿಬಿಡುತ್ತದೆ. ಪೊಳ್ಳು ಲೋಹದ ಬ್ಯಾಟಿನ ಕಥೆ ಬೇರೆ. ಅದರ ತೆಳು ಗೋಡೆ ಚೂರು ಒಳಬಾಗಿ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಹೆಚ್ಚುಕಡಿಮೆ ಹಾಗೆಯೇ ಚೆಂಡಿಗೆ ಮರಳಿಸುತ್ತದೆ. ಚೆಂಡು ಅಷ್ಟು ಚಪ್ಪಟೆಯಾಗಬೇಕಿಲ್ಲವಾದ್ದರಿಂದ ನಷ್ಟವೂ ಕಡಿಮೆ. ಇದನ್ನು ಟ್ರ್ಯಾಂಪೊಲಿನ್ ಪರಿಣಾಮ ಎನ್ನುತ್ತಾರೆ. ಗೋಡೆ ತೆಳುವಾದಷ್ಟೂ ಪುಟಿತ ಜಾಸ್ತಿ. ಬ್ಯಾಟು ತಯಾರಕರು ಗೋಡೆಯನ್ನು ತೆಳುವಾಗಿಸುತ್ತಲೇ ಹೋದರು, 1998ರ ಸ್ಕೋರು ಅದರ ಫಲ.

ಮೊದಲ ಕತ್ತರಿ ಬಿದ್ದದ್ದು ಅಳತೆಗೆ. ಬ್ಯಾಟಿನ ದಪ್ಪ ಭಾಗದ ವ್ಯಾಸ 2.75 ಇಂಚಿನಿಂದ 2.625 ಇಂಚಿಗೆ ಇಳಿಯಿತು. ತೂಕಕ್ಕೂ ಲೆಕ್ಕ ಬಂತು: ಇಂಚಿನ ಉದ್ದದ ಸಂಖ್ಯೆಗಿಂತ ಔನ್ಸಿನ ತೂಕದ ಸಂಖ್ಯೆ ಮೂರಕ್ಕಿಂತ ಕೆಳಗೆ ಇಳಿಯುವಂತಿಲ್ಲ, ಅಂದರೆ 33 ಇಂಚಿನ ಬ್ಯಾಟು ಕನಿಷ್ಠ 30 ಔನ್ಸ್, ಸುಮಾರು 850 ಗ್ರಾಂ ತೂಗಬೇಕು. ನಿಜವಾದ ಕಡಿವಾಣ ಬಿದ್ದದ್ದು 2011ರಲ್ಲಿ. ಪ್ರಯೋಗಾಲಯದಲ್ಲಿ ಬ್ಯಾಟನ್ನು ತಿರುಗಣೆಗೆ ಸಿಕ್ಕಿಸಿ, ಗಾಳಿಯ ಒತ್ತಡದ ಫಿರಂಗಿಯಿಂದ ಅದಕ್ಕೆ ಚೆಂಡು ಹೊಡೆಯುತ್ತಾರೆ. ಬರುವ ವೇಗ, ಮರಳುವ ವೇಗ ಎರಡನ್ನೂ ಬೆಳಕಿನ ಸಂವೇದಕಗಳು ಅಳೆಯುತ್ತವೆ. ಚೆಂಡು ಮತ್ತು ಬ್ಯಾಟು ಒಂದನ್ನೊಂದು ಬಿಟ್ಟು ದೂರವಾಗುವ ವೇಗವು ಅವು ಹತ್ತಿರ ಬಂದ ವೇಗದ ಅರ್ಧವನ್ನು, ಅಂದರೆ 0.50 ಅನ್ನು, ದಾಟುವಂತಿಲ್ಲ. ಒಳ್ಳೆಯ ಮರದ ಬ್ಯಾಟು ಈ ಗೆರೆಗೆ ತೀರ ಹತ್ತಿರದಲ್ಲಿರುತ್ತದೆ. ಲೋಹವೇ ಇರಲಿ, ಆದರೆ ಮರದಂತೆ ವರ್ತಿಸಲಿ ಎನ್ನುವುದು ನಿಯಮದ ತಾತ್ಪರ್ಯ. ಒಂದು ತಂಡ ಒಂದು ಪಂದ್ಯದಲ್ಲಿ ಹೊಡೆಯುವ ಹೋಮ್ ರನ್‌ಗಳ ಸರಾಸರಿ 2010ರಲ್ಲಿ 0.94 ಇತ್ತು; 2011ರಲ್ಲಿ 0.52ಕ್ಕೆ ಬಿತ್ತು.

ನಿಯಮವಿದ್ದಲ್ಲಿ ಕಳ್ಳದಾರಿಯೂ ಇರುತ್ತದೆ. ಕಾರ್ಬನ್ ನಾರಿನ ಪದರಗಳಿಂದ ಮಾಡಿದ ಬ್ಯಾಟುಗಳು ಆಡುತ್ತಾ ಆಡುತ್ತಾ ಮೆತ್ತಗಾಗುತ್ತವೆ. ಪದರಗಳ ನಡುವಿನ ಅಂಟು ಸಣ್ಣಗೆ ಬಿರಿದು ಗೋಡೆ ಹೆಚ್ಚು ಜಗ್ಗುತ್ತದೆ, ಪುಟಿತ ಏರುತ್ತದೆ. ಇದನ್ನು ಬೇಗ ಮಾಡಿಕೊಳ್ಳಲು ಬ್ಯಾಟನ್ನು ಎರಡು ಉರುಳೆಗಳ ನಡುವೆ ಕಬ್ಬಿನಂತೆ ಒತ್ತಿ ಓಡಿಸುವವರೂ ಇದ್ದಾರೆ. ಹಾಗಾಗಿ ಹೊಸ ಬ್ಯಾಟು ಪ್ರಯೋಗಾಲಯದಲ್ಲಿ ಪಾಸಾದರೆ ಸಾಲದು. 2020ರಿಂದ ಮೈದಾನದಲ್ಲೇ ತಪಾಸಣೆ ನಡೆಯುತ್ತದೆ: ಬ್ಯಾಟಿನ ದಪ್ಪ ಭಾಗವನ್ನು ಉಪಕರಣದಲ್ಲಿ ಅದುಮಿ, ಎಷ್ಟು ಬಲಕ್ಕೆ ಎಷ್ಟು ಜಗ್ಗಿತು ಎಂದು ನೋಡುತ್ತಾರೆ. ಹೆಚ್ಚು ಮೆತ್ತಗಿದ್ದರೆ ಆ ಬ್ಯಾಟು ಪಂದ್ಯಕ್ಕಿಲ್ಲ.

2014ರ ಹೊತ್ತಿಗೆ ಹೋಮ್ ರನ್ ಸರಾಸರಿ 0.39ಕ್ಕೆ ಕುಸಿದು, ಜನ ಆಕಳಿಸತೊಡಗಿದ್ದರು. ಈಗ ಬ್ಯಾಟನ್ನು ಮತ್ತೆ ಸಡಿಲಿಸಿದರೆ ಅಪಾಯ ಹೆಚ್ಚು. 60 ಅಡಿ 6 ಇಂಚು ದೂರದಲ್ಲಿ ನಿಂತು, ಎಸೆದ ಮೇಲೆ ಇನ್ನೂ ಮುಂದೆ ಬಂದುಬಿಡುವ ಪಿಚರ್‌ಗೆ ಚೆಂಡು ನೇರ ಮುಖಕ್ಕೆ ಬಂದರೆ ತಪ್ಪಿಸಿಕೊಳ್ಳಲು ಅರ್ಧ ಸೆಕೆಂಡೂ ಸಿಗುವುದಿಲ್ಲ. ಆದ್ದರಿಂದ ಬ್ಯಾಟನ್ನು ಬಿಟ್ಟು ಹೊಲಿಗೆಗೆ ಕೈ ಹಾಕಿದರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಜಾಣ ನಿರ್ಧಾರ ಇದೇ. ಕಾಲೇಜು ಚೆಂಡಿನ ಹೊಲಿಗೆ ಚರ್ಮದಿಂದ 0.048 ಇಂಚು ಎದ್ದಿರುತ್ತಿತ್ತು. 2015ರಿಂದ ಅದು 0.031 ಇಂಚು. ವ್ಯತ್ಯಾಸ ಅರ್ಧ ಮಿಲಿಮೀಟರ್ ಕೂಡ ಇಲ್ಲ.

ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರೀಡಾ ವಿಜ್ಞಾನ ಪ್ರಯೋಗಾಲಯದಲ್ಲಿ ಎರಡೂ ಬಗೆಯ ಚೆಂಡುಗಳನ್ನು ಗಂಟೆಗೆ 95 ಮೈಲಿ ವೇಗ, 25 ಡಿಗ್ರಿ ಕೋನ, ನಿಮಿಷಕ್ಕೆ 1,400 ಸುತ್ತು ಇಟ್ಟು ಹಾರಿಸಿ ನೋಡಿದರು. ಎತ್ತರದ ಹೊಲಿಗೆಯದು ಸರಾಸರಿ 367 ಅಡಿಗೆ ಬಿತ್ತು, ತಗ್ಗು ಹೊಲಿಗೆಯದು 387 ಅಡಿಗೆ. ಹಾರುವ ಚೆಂಡಿನ ಹಿಂದೆ ಗಾಳಿ ಕದಡಿ ಒಂದು ಬಾಲ ಕಟ್ಟಿಕೊಳ್ಳುತ್ತದೆ. ಹೊಲಿಗೆ ಎದ್ದಷ್ಟೂ ಆ ಬಾಲ ಅಗಲವಾಗಿ ಚೆಂಡನ್ನು ಹಿಂದಕ್ಕೆಳೆಯುತ್ತದೆ. ಬೇಲಿಯ ಬುಡದಲ್ಲಿ ಕೈಗೆ ಸಿಗುತ್ತಿದ್ದ ಚೆಂಡು 20 ಅಡಿ ಮುಂದೆ ಹೋದರೆ ಅದು ಹೋಮ್ ರನ್. ಇಲ್ಲಿ ಇನ್ನೊಂದು ಸೊಗಸಿದೆ: ಬ್ಯಾಟಿನಿಂದ ಹೊರಡುವಾಗಿನ ವೇಗ ಬದಲಾಗಲಿಲ್ಲ, ಹಾಗಾಗಿ ಪಿಚರ್‌ನ ಮುಖಕ್ಕೆ ಅಪಾಯವೂ ಏರಲಿಲ್ಲ. ಅಷ್ಟು ಹತ್ತಿರದಲ್ಲಿ ಗಾಳಿಯ ತಡೆಗೆ ಕೆಲಸ ಮಾಡಲು ಹೊತ್ತೇ ಇರುವುದಿಲ್ಲ. 2015ರಲ್ಲಿ ಸರಾಸರಿ 0.56ಕ್ಕೆ ಏರಿತು. ಮುಂದೆ ಆಟಗಾರರೂ ತರಬೇತಿಯೂ ಬದಲಾಗುತ್ತ ಬಂದು, ಈಚಿನ ವರ್ಷಗಳಲ್ಲಿ ಅದು ಒಂದನ್ನೂ ದಾಟಿದೆ.

ತರಬೇತಿಯಲ್ಲಿ ಬದಲಾದದ್ದು ಏನೆಂಬುದಕ್ಕೆ ಒಂದು ಸಣ್ಣ ಸೂತ್ರ ಸಾಕು. ಚೆನ್ನಾಗಿ ತಾಗಿದ ಚೆಂಡಿನ ವೇಗ ಎಂದರೆ ಬಂದ ಚೆಂಡಿನ ವೇಗದ ಐದನೇ ಒಂದು ಭಾಗ, ಅದಕ್ಕೆ ಬ್ಯಾಟಿನ ವೇಗದ 1.2 ಪಟ್ಟು ಸೇರಿಸಿ. ಚೆಂಡು 85 ಮೈಲಿಯಲ್ಲಿ ಬಂದು ಬ್ಯಾಟು 70ರಲ್ಲಿ ಬೀಸಿದರೆ 17 ಕೂಡಿಸು 84, ಒಟ್ಟು 101. ಬ್ಯಾಟಿನ ಒಂದು ಮೈಲಿ ವೇಗ ಪಿಚರ್ ಕೊಡುವ ಆರು ಮೈಲಿಗೆ ಸಮ. ವೇಗದ ಚೆಂಡು ತಾನಾಗಿ ದೂರ ಹೋಗುತ್ತದೆ ಎಂಬ ಮಾತು ಅರ್ಧ ಸತ್ಯ. ಬೀಸುವವನ ಸೊಂಟ, ಭುಜ, ಮಣಿಕಟ್ಟುಗಳೇ ದೊಡ್ಡ ಪಾಲು ಕೊಡುತ್ತವೆ.

ಇನ್ನು ಹವೆ. ಆಟದ ಋತು ಶುರುವಾಗುವುದು ಫೆಬ್ರವರಿ ಮಧ್ಯದ ಒಂದು ಶುಕ್ರವಾರ. ಉತ್ತರದ ರಾಜ್ಯಗಳಲ್ಲಿ ಆಗ ಮೈದಾನದ ಮೇಲೆ ಹಿಮ. ಅಲ್ಲಿನ ತಂಡಗಳು ಮೊದಲ ಕೆಲವು ವಾರ ಫ್ಲೋರಿಡಾ, ಟೆಕ್ಸಾಸ್, ಅರಿಝೋನಾಗಳಲ್ಲಿ ಅಲೆಯುತ್ತ ಪರರ ಮೈದಾನದಲ್ಲೇ ಆಡುತ್ತವೆ. ತಣ್ಣನೆಯ ಗಾಳಿ ದಟ್ಟ. ಉಷ್ಣತೆ 5–6 ಡಿಗ್ರಿ ಸೆಲ್ಸಿಯಸ್ ಏರಿದರೆ ದೊಡ್ಡ ಹೊಡೆತ ಸುಮಾರು ಮೂರು ಅಡಿ ಹೆಚ್ಚು ಸಾಗುತ್ತದೆ. ಫೆಬ್ರವರಿಯ 5 ಡಿಗ್ರಿಗೂ ಜೂನ್‌ನ 32 ಡಿಗ್ರಿಗೂ ನಡುವೆ 15 ಅಡಿಯಷ್ಟು ಅಂತರ. ಸೆಖೆಯ ದಿನ ಗಾಳಿ ಭಾರ ಎಂದು ನಮಗೆಲ್ಲ ಅನಿಸುತ್ತದೆ, ಆದರೆ ನೀರಾವಿ ಸಾರಜನಕ, ಆಮ್ಲಜನಕಗಳಿಗಿಂತ ಹಗುರ. ತೇವದ ಗಾಳಿ ಒಣಗಾಳಿಗಿಂತ ಚೂರು ತೆಳು. ಒಮಾಹಾದಲ್ಲಿ 2010ರವರೆಗೆ ಆಡುತ್ತಿದ್ದುದು ರೋಸೆನ್‌ಬ್ಲಾಟ್ ಕ್ರೀಡಾಂಗಣದಲ್ಲಿ. 2011ರಲ್ಲಿ ಬಂದ ಹೊಸ ಕ್ರೀಡಾಂಗಣದಲ್ಲಿ ಬ್ಯಾಟರ್ ಆಗ್ನೇಯಕ್ಕೆ ಮುಖ ಮಾಡಿ ನಿಲ್ಲುತ್ತಾನೆ. ಬೇಸಿಗೆಯ ದಕ್ಷಿಣದ ಗಾಳಿ ಅವನ ಎದುರಿಗೇ ಬೀಸುತ್ತದೆ. ಹೊಸ ಬ್ಯಾಟು, ಹೊಸ ಮೈದಾನ ಒಂದೇ ವರ್ಷ ಬಂದದ್ದರಿಂದ ಹೋಮ್ ರನ್‌ಗಳಿಗೆ ಎರಡೂ ಕಡೆಯಿಂದ ಪೆಟ್ಟು ಬಿತ್ತು.

ಮುನ್ನೂರರಷ್ಟು ತಂಡಗಳು, ತಲಾ 56 ಪಂದ್ಯ. ಶುಕ್ರ, ಶನಿ, ಭಾನುವಾರ ಒಂದೇ ಎದುರಾಳಿಯೊಂದಿಗೆ ಮೂರು ಪಂದ್ಯ, ವಾರದ ನಡುವೆ ಒಂದೋ ಎರಡೋ. ತಂಡದ ಶ್ರೇಷ್ಠ ಪಿಚರ್ ಶುಕ್ರವಾರ ಎಸೆದು ಮುಂದಿನ ಶುಕ್ರವಾರದವರೆಗೆ ತೋಳಿಗೆ ವಿಶ್ರಾಂತಿ ಕೊಡುತ್ತಾನೆ. ಮೇ ಕೊನೆಗೆ 64 ತಂಡಗಳ ಆಯ್ಕೆ ನಡೆಯುತ್ತದೆ. ನಾಲ್ಕು ನಾಲ್ಕು ತಂಡಗಳ 16 ಗುಂಪುಗಳು, ಎರಡು ಸಲ ಸೋತವರು ಮನೆಗೆ. ಗೆದ್ದ 16 ತಂಡಗಳು ಜೋಡಿಯಾಗಿ ಮೂರರಲ್ಲಿ ಎರಡು ಗೆಲ್ಲಬೇಕಾದ ಸರಣಿ ಆಡುತ್ತವೆ. ಉಳಿದ ಎಂಟು ಒಮಾಹಾಕ್ಕೆ ಬರುತ್ತವೆ. ಅಲ್ಲಿ ಮತ್ತೆ ನಾಲ್ಕರ ಎರಡು ಗುಂಪು, ಎರಡು ಸೋಲಿನ ನಿಯಮ. ಕೊನೆಗೆ ಮೂರು ಪಂದ್ಯಗಳ ಫೈನಲ್.

ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಒಂದು ತಂಡ ಎಷ್ಟು ಬಲವಾಗಿದೆ ಎಂದರೆ ಯಾರ ಎದುರೂ ಪ್ರತಿ ಪಂದ್ಯ ಗೆಲ್ಲುವ ಸಂಭವ ಶೇ. 60. ನಾಲ್ಕರ ಗುಂಪನ್ನು ಗೆಲ್ಲುವ ಸಂಭವ ಶೇ. 41ರಷ್ಟು, ಮೂರರ ಸರಣಿಯದು ಶೇ. 65ರಷ್ಟು. ಈ ಎರಡನ್ನೂ ಎರಡೆರಡು ಬಾರಿ ದಾಟಬೇಕಾದ್ದರಿಂದ ಒಟ್ಟು ಸಂಭವ ಶೇ. 7! ಶೇ. 70 ಗೆಲ್ಲುವ ದೈತ್ಯ ತಂಡಕ್ಕೂ ಐದರಲ್ಲಿ ಒಂದು ಅವಕಾಶ, ಅಷ್ಟೇ. 1999ರಲ್ಲಿ 64 ತಂಡಗಳ ಪದ್ಧತಿ ಬಂದ ಮೊದಲ ವರ್ಷ ಅಗ್ರ ಶ್ರೇಯಾಂಕದ ಮಯಾಮಿ ಗೆದ್ದಿತು. ಮತ್ತೊಂದು ಅಗ್ರ ಶ್ರೇಯಾಂಕದ ತಂಡ ಕಪ್ ಎತ್ತಿದ್ದು 2024ರಲ್ಲಿ, ಟೆನೆಸಿ. ನಡುವೆ 2008ರಲ್ಲಿ ತನ್ನ ಗುಂಪಿನ ಕಡೆಯ ಶ್ರೇಯಾಂಕದ ಫ್ರೆಸ್ನೋ ಸ್ಟೇಟ್ ಗೆದ್ದಿದೆ, 2022ರಲ್ಲಿ 64ರ ಪಟ್ಟಿಗೆ ಕಟ್ಟಕಡೆಯಲ್ಲಿ ಸೇರಿದ ಓಲ್ ಮಿಸ್ (ಮಿಸಿಸಿಪಿ ವಿಶ್ವವಿದ್ಯಾಲಯ) ಗೆದ್ದಿದೆ. ಇವನ್ನು ಪವಾಡವೆಂದು ಬರೆಯುವ ಪತ್ರಕರ್ತರು ಗುಣಾಕಾರ ಮಾಡಿ ನೋಡಿದಂತಿಲ್ಲ.

ಆದರೆ ನನ್ನ ಲೆಕ್ಕದಲ್ಲಿ ಒಂದು ಸುಳ್ಳಿದೆ. ಎಲ್ಲ ಪಂದ್ಯಗಳಲ್ಲೂ ಸಂಭವ ಒಂದೇ ಎಂದುಕೊಂಡೆ. ನಿಜದಲ್ಲಿ ಅದು ಯಾವ ಪಿಚರ್ ಉಳಿದಿದ್ದಾನೆ ಎಂಬುದರ ಮೇಲೆ ನಿಂತಿದೆ. ಸೋಲದೆ ಮೊದಲ ಗುಂಪು ದಾಟಿದವರಿಗೆ ಮೂರೇ ಪಂದ್ಯ. ಶುಕ್ರವಾರ ಸೋತವರು ಶನಿವಾರ ಒಂದು, ಭಾನುವಾರ ಎರಡು, ಸೋಮವಾರ ಒಂದು, ಹೀಗೆ ನಾಲ್ಕನ್ನೂ ಸಾಲಾಗಿ ಗೆಲ್ಲಬೇಕು. ಶುಕ್ರವಾರದ್ದೂ ಸೇರಿ ಐದು ಪಂದ್ಯ; ಪಂದ್ಯಕ್ಕೆ ಸುಮಾರು 150 ಎಸೆತ ಎಂದರೂ ನಾಲ್ಕು ದಿನಕ್ಕೆ 750. ಸೋಮವಾರ ಎಸೆಯಲು ಬರುವವನು ಏಪ್ರಿಲ್‌ನಲ್ಲಿ ಯಾರೂ ಗಮನಿಸದ ಮಂಗಳವಾರದ ಪಂದ್ಯದಲ್ಲಿ ಎಸೆದ ಹುಡುಗ. ತರಬೇತುದಾರರು ಆ ಮಂಗಳವಾರಗಳನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಇದಕ್ಕೇ.

ದಣಿದ ತೋಳಿಗೇ ಮತ್ತೆ ಎಸೆಯಲು ಹೇಳಿದರೆ ಏನಾಗುತ್ತದೆ? ವೇಗವಾಗಿ ಎಸೆಯುವಾಗ ಮೊಣಕೈಯನ್ನು ಹೊರಕ್ಕೆ ತಿರುಚುವ ಬಲ ಸುಮಾರು 64 ನ್ಯೂಟನ್ ಮೀಟರ್. ಮೊಣಕೈಯ ಒಳಬದಿಯಲ್ಲಿ ಎಲುಬುಗಳನ್ನು ಬಿಗಿದಿಟ್ಟ ಅಸ್ಥಿರಜ್ಜು, ಮೃತದೇಹಗಳ ಮೇಲಿನ ಪರೀಕ್ಷೆಯಲ್ಲಿ, ಅದರ ಅರ್ಧದಷ್ಟಕ್ಕೇ ಹರಿದಿದೆ. ಉಳಿದ ಭಾರವನ್ನು ಮುಂಗೈಯ ಸ್ನಾಯುಗಳೂ ಎಲುಬಿನ ಕೀಲೂ ಹಂಚಿಕೊಳ್ಳುವುದರಿಂದ ಮಾತ್ರ ಪಿಚರ್‌ಗಳ ಕೈ ಉಳಿದಿದೆ. ಸ್ನಾಯು ದಣಿದರೆ ಪಾಲು ಮತ್ತೆ ರಜ್ಜುವಿಗೇ ಬೀಳುತ್ತದೆ. ಹರಿದ ರಜ್ಜುವಿನ ಜಾಗದಲ್ಲಿ ಮುಂಗೈಯ ಒಂದು ಸ್ನಾಯುಬಂಧವನ್ನು ಎಲುಬಿಗೆ ತೂತು ಕೊರೆದು ಹೆಣೆಯುವ ಶಸ್ತ್ರಚಿಕಿತ್ಸೆಯನ್ನು ಡಾ. ಫ್ರಾಂಕ್ ಜೋಬ್ ಮೊದಲು ಮಾಡಿದ್ದು ವೃತ್ತಿಪರ ಪಿಚರ್ ಟಾಮಿ ಜಾನ್‌ಗೆ. ಅದೂ 1974ರಲ್ಲೇ, ಲೋಹದ ಬ್ಯಾಟು ಕಾಲೇಜಿಗೆ ಬಂದ ವರ್ಷ. ಹೆಬ್ಬೆರಳು, ಕಿರುಬೆರಳು ಕೂಡಿಸಿ ಮಣಿಕಟ್ಟು ಒಳಕ್ಕೆ ಬಗ್ಗಿಸಿದರೆ ನಡುವೆ ಎದ್ದು ಕಾಣುತ್ತದಲ್ಲ, ಅದೇ ಆ ಬಂಧ. ಎಲ್ಲರಿಗೂ ಇರುವುದಿಲ್ಲ, ಇಲ್ಲದವರಿಗೆ ತೊಡೆಯಿಂದ ತೆಗೆಯುತ್ತಾರೆ. ಮೈದಾನಕ್ಕೆ ಮರಳಲು ಒಂದು ವರ್ಷಕ್ಕೂ ಹೆಚ್ಚು ಬೇಕು.

ಕಾಲೇಜು ಆಟದಲ್ಲಿ ಒಬ್ಬ ಎಷ್ಟು ಎಸೆಯಬಹುದು ಎಂಬುದಕ್ಕೆ ರಾಷ್ಟ್ರಮಟ್ಟದ ಮಿತಿಯಿಲ್ಲ. 2009ರ ಮೇ 30ರಂದು ಆಸ್ಟಿನ್‌ನಲ್ಲಿ ಟೆಕ್ಸಾಸ್ ಮತ್ತು ಬೋಸ್ಟನ್ ಕಾಲೇಜಿನ ಪಂದ್ಯ ಒಂಬತ್ತು ಇನಿಂಗ್ಸ್‌ಗೆ ಮುಗಿಯದೆ 25 ಇನಿಂಗ್ಸ್‌ವರೆಗೆ ಎಳೆಯಿತು. ಏಳು ಗಂಟೆ ಮೂರು ನಿಮಿಷ. ಏಳನೇ ಇನಿಂಗ್ಸ್‌ನಲ್ಲಿ ಒಳಬಂದ ಟೆಕ್ಸಾಸ್‌ನ ಆಸ್ಟಿನ್ ವುಡ್ 13 ಇನಿಂಗ್ಸ್‌ಗಳಲ್ಲಿ 169 ಚೆಂಡು ಎಸೆದು ಒಂದು ರನ್ನೂ ಬಿಟ್ಟುಕೊಡಲಿಲ್ಲ. ಟೆಕ್ಸಾಸ್ 3–2ರಿಂದ ಗೆದ್ದಿತು. ಮರುದಿನ ಅದೇ ತಂಡ, ಎಸೆಯಲು ಉಳಿದವರನ್ನು ಕಟ್ಟಿಕೊಂಡು, ಅಮೆರಿಕದ ಸೇನಾ ಅಕಾಡೆಮಿಯ ತಂಡವಾದ ಆರ್ಮಿ ವಿರುದ್ಧ ಆಡಿ 10 ರನ್ ಬಿಟ್ಟುಕೊಟ್ಟಿತು. ಕೊನೆಯ ಇನಿಂಗ್ಸ್‌ನಲ್ಲಿ ಮೂರೂ ಬೇಸ್‌ಗಳಲ್ಲಿ, ಅಂದರೆ ರನ್ನಿಗಾಗಿ ಓಡುವವರು ನಿಲ್ಲುವ ಠಾಣೆಗಳಲ್ಲಿ, ಓಟಗಾರರು ತುಂಬಿರುವಾಗ ಬಂದ ನಾಲ್ಕು ರನ್ನಿನ ಒಂದು ಹೋಮ್ ರನ್ನಿನಿಂದ 14–10ಕ್ಕೆ ಗುಂಪು ದಾಟಿತು.